ಬನದ ಬಳ್ಳಿಯ ಹೆಸರು

ಕಳೆದ ವರ್ಷ ಮಾರ್ಚ್ ತಿಂಗಳ ಮೊದಲ ವಾರ. ಪ್ರಾರ್ಥನೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ಆರನೆಯ ತರಗತಿಯ ಹುಡುಗಿಯೊಬ್ಬಳು ಕಚೇರಿಯೊಳಗೆ ಬಂದು ನಮ್ಮ ಮೇಜಿನ ಮೇಲೆ ನಾಲ್ಕಾರು ಕಾಯಿಗಳನ್ನೂ ಒಂದು ಹಿಡಿ ಬಾಡಿದ ಹೂಗಳನ್ನೂ ಇರಿಸಿದಳು. ಕಾಯಿಗೆ ಮೂರು ರೆಕ್ಕೆಗಳು. ನಡುವಣ ರೆಕ್ಕೆ ಉಳಿದೆರಡಕ್ಕಿಂತ ಉದ್ದ. ಮೇಲಕ್ಕೆಸೆದರೆ ಬುಗುರಿಯಂತೆ ತಿರುತಿರುಗಿ ನೆಲಕ್ಕಿಳಿಯುತ್ತಿದ್ದುವು.

"ಸರ್, ಇದು ನಾಗಬನದ ದೊಡ್ಡ ಬಳ್ಳಿಯದ್ದು. ಅದಕ್ಕೆ ಹೆಸರೇನು?"

ಈ ಶಾಲೆಗೆ ನಾವು ಬಂದು ಹತ್ತೊಂಬತ್ತು ವರ್ಷಗಳಾದುವು. ಆಟದ ಬಯಲಿನ ಆಚೆ, ಸಣ್ಣ ತೋಡೊಂದನ್ನು ದಾಟಿದರೆ ಬನ. ಒನಕೆಗಿಂತ ದಪ್ಪನಾದ ಆ ಬಳ್ಳಿ ಮರದಿಂದ ಮರಕ್ಕೆ ಹೊರಳಿ ಮೇಲೇರಿರುವುದನ್ನು ದಿನನಿತ್ಯ ಕಾಣುತ್ತಲೇ ಬಂದವರು ನಾವು. ಹೆಸರು ಮಾತ್ರ ತಿಳಿದಿರಲಿಲ್ಲ. "ನಾಳೆ ಹೇಳೋಣ" ಎಂದು ಹೇಳಿ ಕಳುಹಿಸಿದೆವು. ತರಬೇತಿ ಶಾಲೆಯಲ್ಲಿ ಕಲಿಸದಿದ್ದರೂ ಅಧ್ಯಾಪಕರೆಲ್ಲ ತಾವಾಗಿಯೇ ಕಲಿಯುವ ಉತ್ತರವಿದು.

ಮಧ್ಯಾಹ್ನದ ಅಡುಗೆಗೆ ಬರುವ ಅಮ್ಮನವರನ್ನು ಕೇಳಿದೆವು. ಅವರ ಮನೆಮಾತು ಮಲೆಯಾಳ. "ಅದು ವಳ್ಳಿ" ಎಂದರು. ಸಂಜೆ ಬನದ ಪಕ್ಕದ ಮನೆಯ ಅಜ್ಜಿಯವರನ್ನು ವಿಚಾರಿಸಿದಾಗ ಅವರು ತುಳುವಿನಲ್ಲಿ "ಬನತ್ತ ಬೂರು" ಎಂದು ಹೇಳಿ, ಇಷ್ಟನ್ನೂ ತಿಳಿಯದ ಮಾಷ್ಟ್ರು ಮಕ್ಕಳಿಗೆ ಏನು ಕಲಿಸುತ್ತಾರೋ ಎಂಬಂತೆ ನಮ್ಮನ್ನು ನೋಡಿದರು. ವಳ್ಳಿ, ಬೂರು, ಬಳ್ಳಿ: ಮೂರು ಭಾಷೆಗಳಲ್ಲಿಯೂ ನಮಗೆ ದೊರೆತುದು ಒಂದೇ ಉತ್ತರ. ಬನದಲ್ಲಿರುವ ಬಳ್ಳಿ ಬನದ ಬಳ್ಳಿ. ಸಪ್ತಭಾಷಾ ಸಂಗಮವೆಂದು ಹೆಸರಾದ ನಮ್ಮ ಕಾಸರಗೋಡಿನಲ್ಲಿ ಒಂದು ಗಿಡದ ಗುರುತು ಕೇಳಿದರೆ ಏಳು ಹೆಸರು ಬರಬೇಕಿತ್ತು. ಒಂದೂ ಬರಲಿಲ್ಲ.

ಹೋಗಲಿ ಎಂದು ಬಿಟ್ಟುಬಿಡಬಹುದಾದ ವಿಷಯವೇ. ಆದರೆ ಅದೇ ತಿಂಗಳು ಊರಿನಲ್ಲಿ ಇನ್ನೊಂದು ಮಾತು ನಡೆಯುತ್ತಿತ್ತು. ಬನದ ಮರಗಳನ್ನು ಕಡಿದು, ನೆಲ ಸಮ ಮಾಡಿ, ನಾಗನಿಗೆ ಕಾಂಕ್ರೀಟಿನ ಕಟ್ಟೆ ಕಟ್ಟಿಸಬೇಕೆಂದು ಜೀರ್ಣೋದ್ಧಾರ ಸಮಿತಿಯವರು ನಿಶ್ಚಯಿಸಿದ್ದರು. ಮರ ಮಾರಿದ ಹಣ ಕಟ್ಟೆಯ ಖರ್ಚಿಗೆ. ಸಭೆಗೆ ನಮಗೂ ಕರೆ ಬಂದಿತ್ತು. ಹೆಸರನ್ನೇ ತಿಳಿಯದ ಬಳ್ಳಿಯ ಪರವಾಗಿ ಸಭೆಯಲ್ಲಿ ಏನೆಂದು ಮಾತನಾಡುವುದು? ಹೀಗಾಗಿ ಆ ಪ್ರಶ್ನೆಯ ಬೆನ್ನು ಹತ್ತಿದೆವು. ಆಗ ಓದಿದ್ದರಲ್ಲಿ ಕೆಲವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲಿಗೆ, ಕೇರಳದ ದಕ್ಷಿಣ ಭಾಗದ ಒಂದು ಕಾವಿನಲ್ಲಿ ಸಿಕ್ಕಿದ ಬಳ್ಳಿಯ ಕಥೆ. ನಾವು ಬನವೆನ್ನುವುದನ್ನು ಮಲೆಯಾಳದಲ್ಲಿ ಕಾವು ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿಯೂ ತೃಕ್ಕರಿಪುರದ ಕಡೆಯ ಇಡಯಿಲೆಕ್ಕಾಡಿನ ಕಾವು, ಓಣಂ ಹೊತ್ತಿಗೆ ಅಲ್ಲಿನ ಮಂಗಗಳಿಗೆ ಬಡಿಸುವ ಊಟದಿಂದಾಗಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ಕರಾವಳಿಯ ತಗ್ಗಿನಲ್ಲಿ ಒಂದು ಕಾಲದಲ್ಲಿದ್ದ ನಿತ್ಯಹಸುರಿನ ಮಳೆಕಾಡು ಗದ್ದೆಯಾಗಿ, ತೆಂಗಿನ ತೋಟವಾಗಿ, ಪೇಟೆಯಾಗಿ ಬದಲಾದ ಮೇಲೆ ಅದರ ತುಣುಕುಗಳು ಉಳಿದಿರುವುದು ಹೆಚ್ಚಾಗಿ ಈ ಕಾವುಗಳಲ್ಲಿ. ಕತ್ತಿ ತಾಗಿಸಬಾರದೆಂಬ ಭಯಭಕ್ತಿಯೇ ಅವುಗಳಿಗೆ ಬೇಲಿ.

ಅಂತಹ ಒಂದು ಕಾವಿನಲ್ಲಿ ಸಸ್ಯಶಾಸ್ತ್ರಜ್ಞರಿಗೆ ಅವರೆಯ ಕುಟುಂಬಕ್ಕೆ ಸೇರಿದ ದೊಡ್ಡದೊಂದು ಮರಬಳ್ಳಿ ಸಿಕ್ಕಿತು. ಅದನ್ನು ಲೋಕಕ್ಕೆ ಪರಿಚಯಿಸಿದವರು ಸಿ. ಎನ್. ಮೋಹನನ್ ಮತ್ತು ಎನ್. ಸಿ. ನಾಯರ್, ವರ್ಷ 1981. ಅವರು ಇಟ್ಟ ಹೆಸರು ಕುನ್‌ಸ್ಟ್ಲೇರಿಯಾ ಕೇರಳೆನ್ಸಿಸ್. ಎರಡನೆಯ ಪದ ಎಲ್ಲರಿಗೂ ಅರ್ಥವಾಗುವಂಥದು, ಕೇರಳದ್ದು ಎಂದು. ಮೊದಲನೆಯದಕ್ಕೆ ದೊಡ್ಡ ಹಿನ್ನೆಲೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕಾಗಿ ಮಲಯ ದೇಶದ ಪೆರಾಕ್ ಕಾಡುಗಳಲ್ಲಿ ಗಿಡಗಳನ್ನು ಸಂಗ್ರಹಿಸಿದ ಕುನ್‌ಸ್ಟ್ಲರ್ ಎಂಬವರೊಬ್ಬರಿದ್ದರು. ಡೇವಿಡ್ ಪ್ರೈನ್ ಎಂಬ ವಿದ್ವಾಂಸರು 1897ರಲ್ಲಿ ಬಳ್ಳಿಗಳ ಒಂದು ಹೊಸ ಕುಲವನ್ನು ಗುರುತಿಸಿ ಅದಕ್ಕೆ ಆ ಸಂಗ್ರಾಹಕರ ಹೆಸರಿಟ್ಟರು. ಅಲ್ಲಿಂದ ಎಂಬತ್ತನಾಲ್ಕು ವರ್ಷ, ಆ ಕುಲದ ಬಳ್ಳಿ ಭಾರತದಲ್ಲಿಯೂ ಇದೆಯೆಂಬುದು ಶಾಸ್ತ್ರಕ್ಕೆ ಗೊತ್ತಿರಲಿಲ್ಲ. ಮಲಯದ ಕಾಡಿನ ಬಳ್ಳಿಯ ನೆಂಟನೊಬ್ಬ ಕೇರಳದ ಒಂದು ಕಾವಿನಲ್ಲಿ, ದೀಪವಿಡಲು ಬರುವವರ ತಲೆಯ ಮೇಲೆಯೇ, ಹೂ ಬಿಡುತ್ತ ಕಾಯಿ ಬಿಡುತ್ತ ಇದ್ದ. ಕುಲವೂ ಭಾರತಕ್ಕೆ ಹೊಸತು, ಜಾತಿಯೂ ಲೋಕಕ್ಕೆ ಹೊಸತು. ಎರಡೂ ಒಟ್ಟಿಗೆ ಆಗುವುದು ಅಪರೂಪ.

ಅಷ್ಟು ದೊಡ್ಡ ಬಳ್ಳಿ ಅಷ್ಟು ದಿನ ಕಣ್ಣಿಗೆ ಬೀಳದೆ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಕೇಳಿಕೊಂಡೆವು. ಕಾರಣ ಬಳ್ಳಿಯ ಬಾಳುವೆಯಲ್ಲಿಯೇ ಇದೆ. ಮಳೆಕಾಡಿನಲ್ಲಿ ನೆಲದ ಮಟ್ಟಕ್ಕೆ ಬಿಸಿಲು ಬೀಳುವುದು ಅತ್ಯಲ್ಪ. ಮರವಾದರೆ ದಪ್ಪ ಕಾಂಡ ಬೆಳೆಸಿ, ವರ್ಷಗಟ್ಟಲೆ ಕಾದು, ತನ್ನ ಕಾಲಿನ ಮೇಲೆ ನಿಂತು ಬಿಸಿಲನ್ನು ಮುಟ್ಟಬೇಕು. ಬಳ್ಳಿ ಆ ಖರ್ಚನ್ನು ಉಳಿಸುತ್ತದೆ. ಇನ್ನೊಬ್ಬರ ಕಾಂಡ ಹಿಡಿದು ಬೇಗ ಬೇಗ ಮೇಲೇರಿ, ಮರಗಳ ನೆತ್ತಿಯಲ್ಲಿ ಬಿಸಿಲು ಸಿಕ್ಕಿದ ಮೇಲೆಯೇ ಎಲೆ ಹರಡಿ ಹೂ ಬಿಡುತ್ತದೆ. ಕೆಳಗೆ ನಿಂತವರಿಗೆ ಕಾಣುವುದು ಹಗ್ಗದಂತಹ ಕಾಂಡ ಮಾತ್ರ. ಕಾಂಡ ನೋಡಿ ಬಳ್ಳಿಯ ಜಾತಿಯನ್ನು ನಿಶ್ಚಯಿಸಲಾಗದು. ಶಾಸ್ತ್ರಜ್ಞರಿಗೆ ಹೂ ಬೇಕು, ಕಾಯಿ ಬೇಕು. ಹೂ ಇರುವ ವಾರದಲ್ಲಿಯೇ ಅವರು ಅಲ್ಲಿರಬೇಕು, ಅಷ್ಟೆತ್ತರದಿಂದ ಅದನ್ನು ಕೆಳಗಿಳಿಸಬೇಕು. ಹೂ ಬಿಡುವುದು ಜಡಿಮಳೆಯ ಆಟಿ ತಿಂಗಳಲ್ಲಾದರೆ ಕಾಡಿಗೆ ಹೋಗುವವರಾದರೂ ಯಾರು? ಇಂದಿಗೂ ಮಳೆಕಾಡುಗಳಿಂದ ಹೊಸ ಬಳ್ಳಿಗಳ ವರದಿ ಬರುತ್ತಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಬಳ್ಳಿ ಹತ್ತುವ ರೀತಿಯ ಬಗ್ಗೆ ಚಾರ್ಲ್ಸ್ ಡಾರ್ವಿನ್ನರು ಒಂದು ಗ್ರಂಥವನ್ನೇ ಬರೆದಿದ್ದಾರೆ. 1865ರಲ್ಲಿ ಪ್ರಬಂಧವಾಗಿ, 1875ರಲ್ಲಿ ಪುಸ್ತಕವಾಗಿ ಅದು ಬಂತು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಕೋಣೆಯೊಳಗಿನ ಕುಂಡದ ಬಳ್ಳಿಯ ತುದಿ ಗಡಿಯಾರದ ಮುಳ್ಳಿನಂತೆ ಸುತ್ತು ತಿರುಗುವುದನ್ನು ಅವರು ಗಂಟೆಗಟ್ಟಲೆ ನೋಡಿ ಬರೆದಿಟ್ಟರಂತೆ. ನಮ್ಮ ಹಿತ್ತಿಲಿನ ಗೆಣಸಿನ ಬಳ್ಳಿಗಳಲ್ಲಿಯೂ ಕೆಲವು ಜಾತಿ ಎಡಕ್ಕೆ, ಕೆಲವು ಬಲಕ್ಕೆ ಸುತ್ತುತ್ತವೆ. ಬಿಚ್ಚಿ ತಿರುವಿ ಕಟ್ಟಿದರೂ ತಮ್ಮ ಪದ್ಧತಿ ಬಿಡುವುದಿಲ್ಲ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಇನ್ನು ನಾಮಕರಣ. ಮಗುವಿಗಾದರೆ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಉಸುರಿದರಾಯಿತು. ಗಿಡಕ್ಕೆ ಅಷ್ಟರಿಂದ ಸಾಲದು. ಹೂ ಕಾಯಿ ಸಮೇತವಾದ ಒಂದು ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಸಿಕ್ಕಿದ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆದು ಸಸ್ಯ ಸಂಗ್ರಹಾಲಯದಲ್ಲಿ ಇರಿಸಬೇಕು. ಆ ಹಾಳೆಯೇ ಹೆಸರಿಗೆ ಆಧಾರ. ಮುಂದೆ ಎಂದಾದರೂ ಸಂದೇಹ ಬಂದರೆ ಅದನ್ನೇ ತೆಗೆದು ನೋಡುತ್ತಾರೆ, ಜಮೀನಿನ ತಕರಾರಿಗೆ ಮೂಲಪತ್ರ ನೋಡುವ ಹಾಗೆ. ಬಳಿಕ ಹತ್ತಿರದ ಜಾತಿಗಳಿಗಿಂತ ಇದು ಹೇಗೆ ಬೇರೆ ಎಂಬ ವಿವರಣೆಯನ್ನು ಅಚ್ಚು ಹಾಕಿಸಬೇಕು. 1935ರ ಜನವರಿಯಿಂದ 2011ರ ಕೊನೆಯವರೆಗೆ ಆ ವಿವರಣೆ ಲ್ಯಾಟಿನ್ ಭಾಷೆಯಲ್ಲಿಯೇ ಇರಬೇಕೆಂಬ ಕಟ್ಟಳೆಯಿತ್ತು. ಯಾರೂ ಮನೆಯಲ್ಲಿ ಆಡದ ಭಾಷೆ! 2012ರಿಂದ ಇಂಗ್ಲಿಷಾದರೂ ನಡೆಯುತ್ತದೆ. ಅಚ್ಚಾದ ದಿನದಿಂದ ಗಿಡ 'ಹೊಸತು'.

ಈ 'ಹೊಸತು' ಎಂಬ ಮಾತು ನಮ್ಮನ್ನು ಸ್ವಲ್ಪ ಕಾಡಿತು. ಕಾವಿಗೆ ದೀಪವಿಟ್ಟವರ ಅಜ್ಜಂದಿರೂ ಆ ಬಳ್ಳಿಯನ್ನು ಕಂಡಿರಲೇಬೇಕು. ಯಾರಿಗೆ ಹೊಸತು, ಯಾರಿಗೆ ಹಳತು? ಇದಕ್ಕೆ ಉತ್ತರ ಹುಡುಕುವವರು ಮುನ್ನೂರೈವತ್ತು ವರ್ಷ ಹಿಂದಕ್ಕೆ, ಕೊಚ್ಚಿಗೆ ಹೋಗಬೇಕು. ಅಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮರಬಳ್ಳಿಗಳ ಕುರಿತು ಹೊರ್ತೂಸ್ ಮಲಬಾರಿಕೂಸ್ ಎಂಬ ಮಹಾಗ್ರಂಥವನ್ನು ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳು ಅಚ್ಚಾದುವು. 742 ಸಸ್ಯಗಳ ವಿವರ ಅದರಲ್ಲಿದೆ. ಆದರೆ ಗಿಡದ ಗುರುತು, ಗುಣ ಹೇಳಿಕೊಟ್ಟವರು ಈ ಮಣ್ಣಿನವರು: ಚೇರ್ತಲದ ಸಮೀಪದ ಈಳವ ವೈದ್ಯ ಇಟ್ಟಿ ಅಚ್ಯುತನ್, ಹಾಗೂ ಕೊಂಕಣಿ ಮನೆಮಾತಿನ ಮೂವರು ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ. ಇವರು 1675ರಲ್ಲಿ ಬರೆದುಕೊಟ್ಟ ದೃಢಪತ್ರಗಳು ಅವರವರ ಲಿಪಿಯಲ್ಲಿಯೇ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ನಾವು ಒಳ್ಳೆಮೆಣಸೆಂದು ಕರೆಯುವ ಬಳ್ಳಿ ಅಲ್ಲಿ 'ಮೊಳಗು ಕೊಡಿ'. ಏಲಕ್ಕಿಯನ್ನು ಅಲ್ಲಿ 'ಏಲೆತ್ತರಿ' ಎಂದು ಬರೆದುದರಿಂದಲೇ ಇಂದಿಗೂ ಶಾಸ್ತ್ರದಲ್ಲಿ ಅದರ ಕುಲನಾಮ ಎಲೆಟ್ಟೇರಿಯಾ. ಲಿನೇಯಸ್ ಮಹಾಶಯರು 1753ರಲ್ಲಿ ಲೋಕದ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವಾಗ ನಮ್ಮ ಕಡೆಯ ಗಿಡಗಳಿಗೆ ಈ ಗ್ರಂಥವನ್ನು ಆಧಾರವಾಗಿ ಬಳಸಿದರು.

ಲ್ಯಾಟಿನ್ನಿನಲ್ಲಿದ್ದ ಈ ಪುಸ್ತಕ ಅದರ ತವರಿನ ಭಾಷೆಗೆ ಬರಲು ತೆಗೆದುಕೊಂಡ ಕಾಲ ಎಷ್ಟು ಗೊತ್ತೆ? ಕಲ್ಲಿಕೋಟೆ ವಿಶ್ವವಿದ್ಯಾಲಯದ ಪ್ರೊಫೆಸರ್ ಕೆ. ಎಸ್. ಮಣಿಲಾಲ್ ಅವರು ಜೀವಮಾನದ ಬಹುಭಾಗವನ್ನು ಇದಕ್ಕೇ ವಿನಿಯೋಗಿಸಿ, 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲೆಯಾಳಕ್ಕೂ ತಂದರು. ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. 2025ರ ಜನವರಿ ಒಂದರಂದು ಅವರು ತೀರಿಕೊಂಡರು. ನಮ್ಮ ಶಾಲೆಗಳ ಕಪಾಟಿನಲ್ಲಿ ಇರಬೇಕಾದ ಪುಸ್ತಕವದು, ಇಲ್ಲ.

ದೂರದ ಮಾತೇಕೆ, ನಮ್ಮ ಜಿಲ್ಲೆಯ ಪೆರಿಯಕ್ಕೆ ಬನ್ನಿ. ಅಲ್ಲಿನ ತೋಡಿನ ನೀರಿನಲ್ಲಿ ಮಳೆಗಾಲದಲ್ಲಿ ಬಿಳಿಯ ಹೂ ಬಿಡುವ ಒಂದು ಗಿಡವಿದೆ. ಎಲೆಗಳು ನೀರಿನೊಳಗೆ ತೇಲಾಡುತ್ತವೆ, ಹೂಗೊಂಚಲು ಮಾತ್ರ ನೀರಿನ ಮೇಲೆ ತಲೆಯೆತ್ತುತ್ತದೆ. ಬಳ್ಳಿಯಲ್ಲ, ಗೆಡ್ಡೆಯ ಗಿಡ. ಆದರೂ ಈ ಕಥೆಗೆ ಸೇರತಕ್ಕದ್ದು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಲೇಖಕ್ ಮತ್ತು ಯಾದವ್ ಎಂಬ ವಿದ್ವಾಂಸರು 2012ರಲ್ಲಿ ಇದನ್ನು ಹೊಸ ಜಾತಿಯೆಂದು ಸಾರಿ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟರು. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ತನ್ನದೇ ಆದ ಜಿಲ್ಲಾ ವೃಕ್ಷ, ಜಿಲ್ಲಾ ಪುಷ್ಪಗಳನ್ನು ಘೋಷಿಸಿದಾಗ ವೃಕ್ಷದ ಸ್ಥಾನ ಕಾಸರಕದ ಮರಕ್ಕೂ ಪುಷ್ಪದ ಸ್ಥಾನ ಈ ಪೆರಿಯದ ಹೂವಿಗೂ ದೊರೆಯಿತು. ಕಾಸರಕದಿಂದಲೇ ಕಾಸರಗೋಡು ಎಂದು ಹಿರಿಯರು ಹೇಳುವುದುಂಟಷ್ಟೆ. ಪೆರಿಯದ ಹೂವಿಗೆ ಮಲೆಯಾಳದಲ್ಲಿ ಪೋಳತ್ತಾಳಿ ಎಂಬ ಹೆಸರಿದೆ. ಕನ್ನಡದಲ್ಲಿ ಏನೆನ್ನುವುದೆಂದು ಬಲ್ಲವರು ನಮಗೆ ತಿಳಿಸಬೇಕು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಬನದ ಬಳ್ಳಿಯೂ ಯಾರೂ ಕಾಣದ ಹೊಸ ಜಾತಿಯೇ ಇರಬಹುದೆಂಬ ಆಸೆ ನಮ್ಮಲ್ಲಿ ಮೊಳೆಯಿತೆಂದು ಒಪ್ಪಿಕೊಳ್ಳುತ್ತೇವೆ. ಮಕ್ಕಳಲ್ಲಿಯೂ ಅದೇ ಆಸೆ. ಉದುರಿದ ಹೂ, ಕಾಯಿ, ಗಾಳಿಗೆ ಮುರಿದು ಬಿದ್ದ ಒಂದು ಸಣ್ಣ ರೆಂಬೆ ಇವನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಇರಿಸಿ, ಮೇಲೆ ಹಾಜರಿ ಪುಸ್ತಕಗಳ ಕಟ್ಟನ್ನು ಹೇರಿ ಹತ್ತು ದಿನ ಒಣಗಿಸಿದೆವು. ಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಕೊಂಡೊಯ್ದು ತೋರಿಸಿದೆವು. ಅವರು ಮಡಿಕೆ ಬಿಚ್ಚಿದವರೇ ನಕ್ಕರು.

"ಸರ್, ಇದು ಮಾಧವಿ ಅಲ್ಲವೇ? ನೀವೇ ನಮಗೆ ಪದ್ಯದಲ್ಲಿ ಪಾಠ ಮಾಡಿದ್ದೀರಿ."

ನಿಜ. ಮೂವತ್ತು ವರ್ಷಗಳಿಂದ ವಸಂತ ವರ್ಣನೆಯ ಪದ್ಯಗಳಲ್ಲಿ ಮಾಧವೀಲತೆ ಬಂದಾಗಲೆಲ್ಲ ನಾವು ಅದನ್ನು ಬಣ್ಣಿಸಿದ್ದೇವೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಶಾಲೆಯ ಗೇಟಿನ ಮೇಲೆ ಹಬ್ಬಿದ, ಸಂಜೆ ಬಿಳಿಯಾಗಿ ಅರಳಿ ಮರುದಿನ ಕೆಂಪಾಗುವ ರಂಗೂನ್ ಬಳ್ಳಿಯನ್ನು ತೋರಿಸಿ "ಇದೇ ಮಾಧವಿ" ಎಂದು ಎಷ್ಟೋ ತಂಡದ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ನಿಜವಾದ ಮಾಧವಿ ಇನ್ನೂರು ಹೆಜ್ಜೆಯಾಚೆ ತೋಡಿನ ಬದಿಯಲ್ಲಿ ಬೆಳೆದು ನಿಂತಿತ್ತು. ಅಂಚು ಕತ್ತರಿಸಿದಂತಹ ಬಿಳಿಯ ದಳಗಳು, ಒಂದು ದಳಕ್ಕೆ ಮಾತ್ರ ಹಳದಿ ಬಣ್ಣ, ಮಂದವಾದ ಪರಿಮಳ. ಶಾಸ್ತ್ರದ ಹೆಸರು ಹಿಪ್ಟೇಜ್ ಬೆಂಗಾಲೆನ್ಸಿಸ್. ಹಾರು ಎಂಬರ್ಥದ ಗ್ರೀಕ್ ಪದದಿಂದ ಹಿಪ್ಟೇಜ್. ರೆಕ್ಕೆಯ ಕಾಯಿ ನೋಡಿ ಇಟ್ಟದ್ದು. ಬೇರೊಂದು ಕುಲನಾಮದಲ್ಲಿ ಲಿನೇಯಸರ 1753ರ ಪುಸ್ತಕದಲ್ಲಿಯೇ ಇದು ಸೇರಿದೆ. ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ ತೋಟಕ್ಕೆಂದು ಕೊಂಡೊಯ್ದ ಮಾಧವಿ ಈಗ ಅಲ್ಲಿನ ಕಾಡನ್ನೇ ಮುಸುಕಿ ಕಳೆಯಾಗಿದೆಯೆಂದು ಆ ಹಳೆಯ ವಿದ್ಯಾರ್ಥಿ ಹೇಳಿದರು. ಇಲ್ಲಿ ಕವಿಸಮಯ, ಅಲ್ಲಿ ಕಳೆ.

ಮರುದಿನ ಪ್ರಾರ್ಥನೆಯ ಬಳಿಕ ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡೆವು. ಮಕ್ಕಳಿಗೆ ಹೊಸ ಜಾತಿಯಲ್ಲವೆಂಬ ನಿರಾಶೆಗಿಂತ ಮಾಷ್ಟ್ರೂ ತಪ್ಪುತ್ತಾರೆಂಬ ಸಂತೋಷವೇ ಹೆಚ್ಚಾದಂತೆ ಕಂಡಿತು.

ಸಭೆ ನಡೆದುದು ಏಪ್ರಿಲಿನ ಒಂದು ಆದಿತ್ಯವಾರ. ಕೊಡಗಿನ ದೇವರಕಾಡುಗಳ ಲೆಕ್ಕವನ್ನು ಬರೆದುಕೊಂಡು ಹೋಗಿದ್ದೆವು: 1905ರಲ್ಲಿ 6,277 ಹೆಕ್ಟೇರ್ ಇದ್ದುದು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ಕುನ್‌ಸ್ಟ್ಲೇರಿಯಾದ ಕಥೆಯನ್ನೂ ಹೇಳಿದೆವು. ತರವಾಡು ಮನೆಯ ಹಿರಿಯರು ಸಾವಧಾನವಾಗಿ ಕೇಳಿದರು. ಬಳಿಕ ಯುವಕರೊಬ್ಬರು ಎದ್ದು, "ಮಾಷ್ಟ್ರೇ, ನಿಮ್ಮ ಮಾತು ಸರಿ. ಆದರೆ ನಮ್ಮ ಬಳ್ಳಿ ಹೊಸತಲ್ಲವೆಂದು ನೀವೇ ಹೇಳಿದಿರಿ. ಮಾಧವಿ ಬೇರೆ ಕಡೆಯೂ ಉಂಟಲ್ಲ?" ಎಂದರು. ನ್ಯಾಯವಾದ ಪ್ರಶ್ನೆ. ಒಂದು ಬಳ್ಳಿಯ ಹೆಸರು ತಿಳಿಯಲು ನಮಗೆ ಹತ್ತೊಂಬತ್ತು ವರ್ಷ ಬೇಕಾಯಿತು, ಬನದೊಳಗಿನ ಉಳಿದ ಗಿಡಗಳನ್ನು ಯಾರೂ ಇನ್ನೂ ಲೆಕ್ಕ ಮಾಡಿಲ್ಲ, ಅವನ್ನು ಒಮ್ಮೆ ನೋಡಿದ ಮೇಲೆ ಕಡಿಯುವ ಮಾತು ಬರಲಿ ಎಂದೆವು. ಆಗ ಹಿರಿಯರು ನಗುತ್ತ, ಹದಿನೈದು ವರ್ಷಗಳ ಹಿಂದೆ ಆಟದ ಬಯಲನ್ನು ವಿಸ್ತರಿಸಲು ಬನದ ಅಂಚಿನ ಪೊದೆಗಳನ್ನೆಲ್ಲ ಕಡಿಸಿದವರು ಯಾರು ಮಾಷ್ಟ್ರೇ ಎಂದು ಕೇಳಿದರು. ಕಡಿಸಿದವರು ನಾವೇ. ಅದರಲ್ಲಿ ಏನೇನಿತ್ತೋ, ನೋಡಿರಲಿಲ್ಲ.

ಕೊನೆಗೆ ಕಟ್ಟೆಯನ್ನು ಚಿಕ್ಕದು ಮಾಡಿ, ಪಡುವಣ ಬದಿಯ ಮರಗಳನ್ನು ಮಾತ್ರ ತೆಗೆಯುವುದೆಂದು ತೀರ್ಮಾನವಾಯಿತು. ಮೂಡಣ ಭಾಗ ಉಳಿಯಿತು. ಸಮಿತಿಯವರು ನಮ್ಮ ಮಾತಿಗೆ ಅಷ್ಟು ಬೆಲೆ ಕೊಟ್ಟುದು ದೊಡ್ಡದೇ. ಆದರೆ ಮಾಧವಿಯ ಬುಡ ಮೂಡಣ ಬದಿಯಲ್ಲಿದ್ದರೂ ಅದು ಹತ್ತಿದ್ದ ಮರ ಪಡುವಣ ಬದಿಯದ್ದೆಂಬುದನ್ನು ಸಭೆಯಲ್ಲಿದ್ದ ನಾವಾರೂ ಗಮನಿಸಲಿಲ್ಲ. ಪತ್ತನಾಜೆಗೆ ಮೊದಲೇ ಮರ ಉರುಳಿತು. ಬಳ್ಳಿಯೂ ಜತೆಗೆ ಬಂತು. ರಜೆಯ ದಿನವಾದರೂ ಮಕ್ಕಳು ಬಂದಿದ್ದರು. ಅಷ್ಟೆತ್ತರದಲ್ಲಿದ್ದ ಬಳ್ಳಿಯ ತುದಿ ಅವರ ಕಾಲಬುಡದಲ್ಲಿ ಬಿದ್ದಿತ್ತು. ಒಣಗಿದ ರೆಕ್ಕೆಕಾಯಿಗಳು ಇನ್ನೂ ಅದರಲ್ಲಿದ್ದುವು. ಆ ಹುಡುಗಿ ಲಂಗದ ತುಂಬ ಆರಿಸಿಕೊಂಡು ಹೋದಳು. ಬುಡದಿಂದ ಎರಡು ಆಳೆತ್ತರದ ತನಕ ಕಾಂಡವನ್ನು ಕಡಿಯದೆ ಬಿಡುವಂತೆ ಕೆಲಸದವರನ್ನು ಕೇಳಿಕೊಂಡೆವು, ಬಿಟ್ಟರು. ಪಕ್ಕದ ಮರಕ್ಕೆ ಹಗ್ಗ ಹಾಕಿ ಅದನ್ನು ಎತ್ತಿ ಕಟ್ಟಿದ್ದೇವೆ. ಮಳೆಗಾಲದಲ್ಲಿ ನಾಲ್ಕು ಚಿಗುರು ಬಂದುವು. ಈ ವರ್ಷ ಹೂ ಬಿಟ್ಟಿಲ್ಲ.

ಉಳಿದ ಬನದ ಗಿಡಬಳ್ಳಿಗಳ ಹೆಸರು ಬರೆಯಲು ಆರು, ಏಳನೆಯ ತರಗತಿಯವರು ಒಂದು ಪುಸ್ತಕ ಹಾಕಿದ್ದಾರೆ. ಇದುವರೆಗೆ ಮೂವತ್ತೊಂದು ಸಸ್ಯಗಳಾಗಿವೆ. ಒಂಬತ್ತಕ್ಕೆ ಇನ್ನೂ ಹೆಸರಿಲ್ಲ. ಎಂಜಿರು ಎಂದು ತುಳುವಿನಲ್ಲಿ ಕರೆಯುವ, ಬೇಸಿಗೆಯಲ್ಲಿ ಕಾಂಡ ಕಡಿದರೆ ಕುಡಿಯುವ ನೀರು ಕೊಡುವ ಬಳ್ಳಿಯನ್ನು ಗುರುತಿಸಿ ಕೊಟ್ಟವರು, ನಮ್ಮನ್ನು ಹಾಗೆ ನೋಡಿದ್ದ ಆ ಅಜ್ಜಿಯವರೇ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಮನೆಯ ಹಿರಿಯರಿಗೆ ತಿಳಿದಿರುವ ಕಾಡುಬಳ್ಳಿಗಳ ಹೆಸರುಗಳನ್ನು ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಟಿ, ಹವ್ಯಕ, ಬ್ಯಾರಿ ಯಾವ ನುಡಿಯಲ್ಲಾದರೂ ಸರಿ, ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಬೇಕು. ಊರು, ಹೂ ಬಿಡುವ ತಿಂಗಳು, ಹೂವಿನ ಬಣ್ಣ, ಹೇಳಿದವರ ವಯಸ್ಸು ಇಷ್ಟಿದ್ದರೆ ಸಾಕು. ಗಿಡವನ್ನು ಕಿತ್ತು ಕಳುಹಿಸುವುದು ಬೇಡ. ಉದುರಿದ ಹೂವೊಂದನ್ನು ಕಾಗದದ ಮಡಿಕೆಯಲ್ಲಿ ಇಟ್ಟರಾಯಿತು.